ವಾಹನೋದ್ಯಮದ ವ್ಯವಹಾರ ನಿರ್ವಹಣೆ: ಕೊಡಗಿನಲ್ಲಿದ್ದುಕೊಂಡೇ ಕಲಿಯುವ ದಾರಿ

ಷೋರೂಮಿನ ಗಾಜಿನ ಹಿಂದೆ ಹೊಳೆಯುವ ಹೊಸ ಗಾಡಿಯಲ್ಲೇ ಈ ಉದ್ಯಮದ ಲಾಭವೆಲ್ಲ ಇದೆ ಎಂದುಕೊಂಡು ಓದಲು ಹೊರಡುವವರು ಬಹಳ. ಲೆಕ್ಕ ಬಿಡಿಸಿದರೆ ಚಿತ್ರ ಬೇರೆಯೇ. ಡೀಲರ್‌ಶಿಪ್ಪಿನ ಬಾಡಿಗೆ, ಸಂಬಳ, ಕರೆಂಟ್ ಬಿಲ್ಲಿನ ಬಹುಪಾಲನ್ನು ತಿಂಗಳು ತಿಂಗಳೂ ಹೊರುವುದು ಹಿಂದಿನ ಶೆಡ್ಡಿನಲ್ಲಿರುವ ಸರ್ವಿಸ್ ಬೇ (ಗಾಡಿ ನಿಲ್ಲಿಸಿ ರಿಪೇರಿ ಮಾಡುವ ಜಾಗ) ಮತ್ತು ಸ್ಪೇರ್ ಪಾರ್ಟ್ಸ್ ಕೌಂಟರ್. ಹೊಸ ಗಾಡಿ ಗಿರಾಕಿಯನ್ನು ಬಾಗಿಲಿಗೆ ತರುತ್ತದೆ, ಮುಂದಿನ ಹತ್ತು ವರ್ಷ ಅವನನ್ನು ಉಳಿಸಿಕೊಳ್ಳುವುದು ವರ್ಕ್‌ಶಾಪ್. ಹಾಗಾಗಿ ಈ ವಿದ್ಯೆಯನ್ನು ಹಿಂಬಾಗಿಲಿನಿಂದ, ಅಂದರೆ ಗಂಟೆ, ದಾಸ್ತಾನು, ಬಡ್ಡಿ ಈ ಮೂರರ ಲೆಕ್ಕದಿಂದ ಶುರುಮಾಡಬೇಕು. ಜಾಹೀರಾತು, ಬ್ರ್ಯಾಂಡ್ ಎಲ್ಲ ಆಮೇಲೆ.

ಕೊಡಗು ಇದಕ್ಕೆ ಒಳ್ಳೆಯ ಪಾಠಶಾಲೆ. ಇಲ್ಲಿ ವಾಹನ ಕಾರ್ಖಾನೆ ಇಲ್ಲ, ರೈಲೂ ಇಲ್ಲ. ಕಾಫಿ, ಕಾಳುಮೆಣಸು, ಗೊಬ್ಬರ, ತೋಟದ ಕಾರ್ಮಿಕರು, ಪ್ರವಾಸಿಗರು ಎಲ್ಲರೂ ಎಲ್ಲವೂ ಚಕ್ರದ ಮೇಲೆಯೇ ಸಾಗಬೇಕು. ಏರು, ಇಳಿಜಾರು, ಕೆಸರು, ನಾಲ್ಕು ತಿಂಗಳ ಮಳೆ ಸೇರಿ ಗಾಡಿಯ ಸವೆತವನ್ನೂ ವ್ಯಾಪಾರದ ಏರಿಳಿತವನ್ನೂ ಕಣ್ಣಿಗೆ ಹೊಡೆಯುವಂತೆ ತೋರಿಸುತ್ತವೆ.

ಮೊದಲು: ಉದ್ಯಮದ ಯಾವ ಕೋಣೆಗೆ ಹೋಗುತ್ತೀರಿ?

ವಾಹನೋದ್ಯಮವೆಂದರೆ ಒಂದೇ ಮನೆಯಲ್ಲ. ಗಾಡಿ ತಯಾರಕರು, ಬಿಡಿಭಾಗ ತಯಾರಕರು, ಡೀಲರ್‌ಗಳು, ಸಾಲ ಮತ್ತು ವಿಮೆ ಕೊಡುವವರು, ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳು, ಹಲವು ಗಾಡಿಗಳನ್ನು ಓಡಿಸುವವರು ಎಂದು ಕನಿಷ್ಠ ಆರು ಕೋಣೆಗಳಿವೆ. ಪ್ರತಿಯೊಂದರ ನಿರ್ವಹಣೆಯೂ ಬೇರೆ.

ತಯಾರಿಕೆಯ ಕಡೆ ಮನಸ್ಸಿದ್ದರೆ ಕಣ್ಣು ಮೈಸೂರು ಮತ್ತು ಬಿಡದಿಯ ಕಡೆ ಇರಲಿ. ಮೈಸೂರಿನಲ್ಲಿ ಟಿವಿಎಸ್ ಕಾರ್ಖಾನೆ, ಆಟೋಮೋಟಿವ್ ಆಕ್ಸಲ್ಸ್, ಜೆಕೆ ಟೈರ್ ಇವೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಇದೆ. ಕೊಡಗಿನೊಳಗೇ ಉಳಿಯುವ ಆಸೆಯಿದ್ದರೆ ಡೀಲರ್‌ಶಿಪ್ಪಿನ ಶಾಖೆ, ಸ್ವಂತ ವರ್ಕ್‌ಶಾಪ್, ಬಿಡಿಭಾಗದ ಅಂಗಡಿ, ಸೆಕೆಂಡ್ ಹ್ಯಾಂಡ್ ವ್ಯಾಪಾರ, ತೋಟ ಮತ್ತು ರೆಸಾರ್ಟ್‌ಗಳ ವಾಹನ ನಿರ್ವಹಣೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಒಯ್ಯುವಂಥ ಜೀಪುಗಳ ವ್ಯವಹಾರ ಇವೆಲ್ಲ ನಿಮ್ಮವೇ. ಈ ಆಯ್ಕೆ ಮಾಡದೆ ಕೋರ್ಸಿಗೆ ಸೇರಿದರೆ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ಅಲೆಯಬೇಕಾಗುತ್ತದೆ.

ಕೋರ್ಸು

ಪಿಯುಸಿಯಲ್ಲಿ ಕಾಮರ್ಸ್ ಓದಿದವರು ಬಿಕಾಂ ಅಥವಾ ಬಿಬಿಎ ಮಾಡಬಹುದು. ಪದವಿ ಓದಿಗೆ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ವಿರಾಜಪೇಟೆ ಮತ್ತು ಗೋಣಿಕೊಪ್ಪಲಿನ ಕಾವೇರಿ ಕಾಲೇಜುಗಳು ಹತ್ತಿರದಲ್ಲೇ ಇವೆ. ತಾಂತ್ರಿಕ ದಾರಿ ಹಿಡಿಯುವವರಿಗೆ ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇವೆ. ಎಸ್ಸೆಸ್ಸೆಲ್ಸಿ ಮುಗಿಸಿ ನೇರವಾಗಿ ಕೈಕೆಲಸ ಕಲಿಯಬೇಕೆನ್ನುವವರಿಗೆ ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಮೂರು ವರ್ಷದ ವಸತಿ ತರಬೇತಿ ಕೊಡುತ್ತಿದೆ.

ಎಂಬಿಎಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಮುಖ್ಯ ಬಾಗಿಲು. ಪದವಿಯಲ್ಲಿ ಶೇ. 50, ಮೀಸಲು ವರ್ಗದವರಿಗೆ ಶೇ. 45 ಅಂಕ ಬೇಕು. ಮೈಸೂರು ವಿಶ್ವವಿದ್ಯಾಲಯದ ಬಿ.ಎನ್. ಬಹದ್ದೂರ್ ಮ್ಯಾನೇಜ್‌ಮೆಂಟ್ ಸಂಸ್ಥೆ ಕೊಡಗಿನವರಿಗೆ ಬಸ್ಸಿನ ದೂರದಲ್ಲಿದೆ. ಕೆಲಸ ಬಿಡಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋ ಇವೆ.

‘ಆಟೋಮೋಟಿವ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿರುವ ಕೋರ್ಸೇ ಬೇಕೆಂದಿಲ್ಲ. ಸಾಮಾನ್ಯ ಎಂಬಿಎಯಲ್ಲಿ ಆಪರೇಷನ್ಸ್ ಜೊತೆಗೆ ಫೈನಾನ್ಸ್ ತೆಗೆದುಕೊಂಡು, ಪ್ರಾಜೆಕ್ಟನ್ನು ವಾಹನ ಕ್ಷೇತ್ರದಲ್ಲಿ ಮಾಡಿದವರಿಗೆ ಬಾಗಿಲುಗಳು ಹೆಚ್ಚು ತೆರೆಯುತ್ತವೆ. ಹೊಸ ಹೆಸರಿನ ದುಬಾರಿ ಕೋರ್ಸಿಗೆ ಶುಲ್ಕ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಮಾನ್ಯತೆಯ ಪತ್ರ ತೋರಿಸುತ್ತೀರಾ? ಕಳೆದ ವರ್ಷ ಕೆಲಸ ಸಿಕ್ಕವರ ಹುದ್ದೆಯ ಹೆಸರೇನು? ಉತ್ತರದಲ್ಲಿ ಬರೀ ‘ಸೇಲ್ಸ್ ಎಕ್ಸಿಕ್ಯೂಟಿವ್’ ಎಂದಿದ್ದರೆ ಯಾವ ಪದವಿಗೂ ಸಿಗುವ ಕೆಲಸಕ್ಕೆ ಲಕ್ಷಗಟ್ಟಲೆ ಕೊಡುತ್ತಿದ್ದೀರಿ ಎಂದರ್ಥ.

ಗಾಡಿಯನ್ನು ಬಲ್ಲವರಾಗಿ

ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ಮೆಕ್ಯಾನಿಕ್ ಹೇಳಿದ್ದು ಅರ್ಥವಾಗದ ಮ್ಯಾನೇಜರ್ ಎಸ್ಟಿಮೇಟಿಗೆ ಕಣ್ಣುಮುಚ್ಚಿ ಸಹಿ ಹಾಕುತ್ತಾನೆ. ಮೂರು ತಿಂಗಳು, ವಾರಕ್ಕೆ ಎರಡು ದಿನ ಯಾವುದಾದರೂ ಒಳ್ಳೆಯ ಗ್ಯಾರೇಜಿನಲ್ಲಿ ಕೂತು ಬ್ರೇಕು, ಕ್ಲಚ್ಚು, ಸಸ್ಪೆನ್ಷನ್, ಕೂಲಿಂಗ್, ಚಾರ್ಜಿಂಗ್ ಈ ಐದನ್ನು ನೋಡಿ. ಕೊಡಗಿನಲ್ಲಿ ಸವೆಯುವುದು ಯಾವುದು, ಏಕೆ ಎಂಬುದನ್ನು ಬರೆದಿಡಿ. ತೋಟದ ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ಗಾಡಿ ನಿಲ್ಲಿಸುವುದರಿಂದ ಕ್ಲಚ್ ಪ್ಲೇಟ್ ಬೇಗ ಸುಡುತ್ತದೆ. ಗೇರಿನಲ್ಲಿ ಇಳಿಸದೆ ಬ್ರೇಕಿನ ಮೇಲೆಯೇ ಘಟ್ಟ ಇಳಿದರೆ ಪ್ಯಾಡ್ ಕಾಯುತ್ತದೆ. ಅದಕ್ಕೆ ಕೆಸರಿನ ಮರಳು ಸೇರಿದರೆ ಡಿಸ್ಕೂ ಗೀರಾಗುತ್ತದೆ. ಮಳೆಯ ತೇವ ವೈರಿಂಗ್ ಕನೆಕ್ಟರ್‌ಗಳಿಗೆ ಹಸಿರು ಹಿಡಿಸುತ್ತದೆ, ಚಾಸಿಗೆ ತುಕ್ಕು ಹಿಡಿಸುತ್ತದೆ.

ಇದರಲ್ಲಿ ನಿರ್ವಹಣೆಯ ಪಾಠ ಎಲ್ಲಿದೆ ಎಂಬುದಕ್ಕೆ ಒಂದು ಉದಾಹರಣೆ. ಬಿಎಸ್6, ಅಂದರೆ ಭಾರತದ ಹೊಗೆ ನಿಯಮದ ಆರನೇ ಹಂತದ, ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ವರ್ಕ್‌ಶಾಪಿನಲ್ಲಿ ಅದಕ್ಕೆ ಡಿಪಿಎಫ್ ಎನ್ನುತ್ತಾರೆ. ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಸಂತೆಗೆ ಎರಡನೇ ಗೇರಿನಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿದರೆ ಸುಡುವುದಿಲ್ಲ. ದೀಪ ಹತ್ತುತ್ತದೆ, ಗಾಡಿ ಎಳೆಯುವುದಿಲ್ಲ, ‘ಹೊಸ ಗಾಡಿಯೇ ಕೆಟ್ಟದ್ದು ಕೊಟ್ಟಿರಿ’ ಎಂದು ಗಿರಾಕಿ ಬರುತ್ತಾನೆ. ವಾರಂಟಿ ಜಗಳ ಶುರು. ಡೆಲಿವರಿ ದಿನ ಹತ್ತು ನಿಮಿಷ ಕೂರಿಸಿ, ವಾರಕ್ಕೊಮ್ಮೆ ಕುಶಾಲನಗರದ ಕಡೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಎಂದು ಕನ್ನಡದಲ್ಲಿ ಹೇಳಿದ್ದರೆ ಈ ದೂರಿನ ಬಹುಭಾಗ ಹುಟ್ಟುತ್ತಲೇ ಇರಲಿಲ್ಲ. ದಿನಕ್ಕೆ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಡೀಸೆಲ್ ಮಾರುವುದೇ ತಪ್ಪು ಎಂಬುದು ಇನ್ನೂ ಹಿಂದಿನ ಪಾಠ.

ಬಡ್ಡಿಯ ಲೆಕ್ಕ

ಡೀಲರ್ ಗಾಡಿಗಳನ್ನು ಬಹುತೇಕ ಬ್ಯಾಂಕ್ ಸಾಲದಿಂದ ಕೊಂಡು ನಿಲ್ಲಿಸಿಕೊಳ್ಳುತ್ತಾನೆ. ಒಂದು ಪಿಕಪ್ಪಿನ ಖರೀದಿ ಬೆಲೆ ತೆರಿಗೆ ಸೇರಿ 9,00,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 10 ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 247 ರೂಪಾಯಿ ಬಡ್ಡಿ. ಮಾರ್ಜಿನ್ 36,000, ಅದರಲ್ಲಿ ಗಿರಾಕಿಗೆ 15,000 ಬಿಟ್ಟುಕೊಟ್ಟರೆ ಉಳಿಯುವುದು 21,000. ಗಾಡಿ 85 ದಿನ ಯಾರ್ಡಿನಲ್ಲಿ ನಿಂತರೆ ಅದಷ್ಟೂ ಬಡ್ಡಿಗೇ ಹೋಯಿತು. 86ನೇ ದಿನದಿಂದ ಮಾರಿದರೂ ನಷ್ಟ.

ಈಗ ಯಾರ್ಡಿನ ಪಟ್ಟಿ ತೆಗೆದು ಗಾಡಿಗಳನ್ನು 0–30, 31–60, 61–90, 90ಕ್ಕೂ ಹೆಚ್ಚು ದಿನ ಎಂದು ನಾಲ್ಕು ಸಾಲಾಗಿ ಬರೆಯಿರಿ. ಕೊನೆಯ ಎರಡು ಸಾಲುಗಳಲ್ಲಿ ಯಾವ ಬಣ್ಣ, ಯಾವ ಮಾಡೆಲ್ ಕೂತಿದೆ ಎಂದು ನೋಡಿದರೆ ಆರ್ಡರ್ ಹಾಕುವಾಗ ಎಲ್ಲಿ ತಪ್ಪಾಗಿದೆ ಎಂಬುದು ಬಯಲಾಗುತ್ತದೆ. ತಿಂಗಳ ಕೊನೆಯಲ್ಲಿ ಕಂಪನಿಯ ಟಾರ್ಗೆಟ್ ಮುಟ್ಟಿಸಲು ಬೇಡದ ಗಾಡಿ ಎತ್ತಿಕೊಳ್ಳುವುದು ಇಲ್ಲಿಯ ಹಳೆಯ ರೋಗ. ಟಾರ್ಗೆಟ್ ಬೋನಸ್ ಎಷ್ಟು, ಆ ಗಾಡಿಗಳು ತಿನ್ನುವ ಬಡ್ಡಿ ಎಷ್ಟು ಎಂದು ಪಕ್ಕಪಕ್ಕ ಬರೆದು ನೋಡಿ ತೀರ್ಮಾನಿಸಬೇಕು.

ಖರ್ಚನ್ನು ಹೊರುವವರು ಯಾರು

ಡೀಲರ್‌ಶಿಪ್ಪಿನ ಆರೋಗ್ಯ ನೋಡಲು ‘ಅಬ್ಸಾರ್ಪ್ಷನ್’ ಎಂಬ ಅಳತೆ ಇದೆ. ಸರ್ವಿಸ್, ಬಿಡಿಭಾಗ, ಬಾಡಿ ಪೇಂಟ್ ಮೂರರ ಒಟ್ಟು ಲಾಭವನ್ನು ಇಡೀ ಸಂಸ್ಥೆಯ ಸ್ಥಿರ ಖರ್ಚಿನಿಂದ ಭಾಗಿಸಿ ಶೇಕಡಾ ಮಾಡಬೇಕು.

ಒಂದು ಸಣ್ಣ ಶಾಖೆಯ ತಿಂಗಳ ಸ್ಥಿರ ಖರ್ಚು 10 ಲಕ್ಷ ಎನ್ನಿ. ಸರ್ವಿಸ್ ಕೂಲಿಯಿಂದ 4,20,000, ಬಿಡಿಭಾಗ ಮತ್ತು ಆಯಿಲ್‌ನಿಂದ 2,30,000, ಪೇಂಟ್ ಕೆಲಸದಿಂದ 50,000 ಲಾಭ ಬಂದರೆ ಒಟ್ಟು 7 ಲಕ್ಷ. ಅಂದರೆ ಶೇ. 70. ಉಳಿದ 3 ಲಕ್ಷವನ್ನು ಹೊಸ ಗಾಡಿ ತರಬೇಕು. ಗಾಡಿಯೊಂದಕ್ಕೆ ನಿವ್ವಳ 15,000 ಉಳಿದರೆ 20 ಗಾಡಿ ಮಾರಿದಾಗ ಕೈ ಸಮ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ಮಳೆ ತಿಂಗಳು) 8 ಗಾಡಿ ಮಾತ್ರ ಹೋದರೆ 1,80,000 ಕಡಿಮೆ ಬೀಳುತ್ತದೆ. ಅದೇ ವರ್ಕ್‌ಶಾಪ್ ವಿಭಾಗದ ಲಾಭ 8.5 ಲಕ್ಷಕ್ಕೆ ಏರಿದ್ದರೆ 10 ಗಾಡಿ ಸಾಕು. ಈ ಒಂದು ಲೆಕ್ಕವನ್ನು ನಿಜವಾದ ಒಂದು ಶಾಖೆಯ ಅಂಕಿಗಳಿಂದ ಮಾಡಿ ನೋಡಿದವರಿಗೆ ಇಡೀ ವ್ಯವಹಾರದ ಬೆನ್ನೆಲುಬು ಸಿಕ್ಕಂತೆ. ಬಹಳ ಜನ ಮಾಡುವ ತಪ್ಪೆಂದರೆ ಲಾಭದ ಬದಲು ಬಿಲ್ಲಿನ ಮೊತ್ತವನ್ನೇ ಮೇಲೆ ಹಾಕುವುದು. ಹಾಗೆ ಮಾಡಿದರೆ ಉತ್ತರ ಶೇ. 200 ಬಂದು, ಎಲ್ಲವೂ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ.

ವರ್ಕ್‌ಶಾಪಿನಲ್ಲಿ ಮಾರುವುದು ಗಂಟೆಯನ್ನು

ಆರು ಮೆಕ್ಯಾನಿಕ್‌ಗಳು, ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ: ಕೊಂಡ ಗಂಟೆಗಳು 1,248. ಜಾಬ್ ಕಾರ್ಡಿನ (ಗಾಡಿಯ ದೂರು, ಮಾಡಿದ ಕೆಲಸ ಬರೆಯುವ ಚೀಟಿ) ಪ್ರಕಾರ ಗಾಡಿಯ ಮೇಲೆ ನಿಜವಾಗಿ ಕೆಲಸ ಮಾಡಿದ್ದು 1,000 ಗಂಟೆ, ಬಿಲ್ ಆಗಿದ್ದು 900 ಎನ್ನಿ. ಮೊದಲ ಎರಡರ ನಡುವಿನ 248 ಗಂಟೆ ಎಲ್ಲಿ ಹೋಯಿತು ಎಂದು ಹುಡುಕುವುದೇ ಸರ್ವಿಸ್ ಮ್ಯಾನೇಜರನ ದಿನನಿತ್ಯದ ಕೆಲಸ. ಸಾಮಾನ್ಯವಾಗಿ ಸಿಗುವ ಕಾರಣಗಳು: ಬಿಡಿಭಾಗ ಬರಲಿಲ್ಲ, ಗಿರಾಕಿ ಫೋನ್ ಎತ್ತಲಿಲ್ಲ, ಲಿಫ್ಟ್ ಖಾಲಿ ಇರಲಿಲ್ಲ, ಕರೆಂಟ್ ಹೋಯಿತು. ಎರಡನೆಯ ಅಂತರದ 100 ಗಂಟೆಗೆ ಕಾರಣ ಬೇರೆ: ಅನುಭವ ಸಾಲದ ಕೈ, ತಪ್ಪು ರೋಗನಿರ್ಣಯ, ಮರಳಿ ಬಂದ ಗಾಡಿ.

ಮರಳಿ ಬರುವ ಗಾಡಿಯ ಮೂಲ ಹಲವು ಬಾರಿ ಸ್ಪ್ಯಾನರಿನಲ್ಲಿ ಇರುವುದಿಲ್ಲ, ಜಾಬ್ ಕಾರ್ಡಿನಲ್ಲಿ ಇರುತ್ತದೆ. ಗಿರಾಕಿ ‘ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬೆಳಿಗ್ಗೆ ಮಾತ್ರ’ ಎನ್ನುತ್ತಾನೆ. ದೂರು ಬರೆದುಕೊಳ್ಳುವ ಸರ್ವಿಸ್ ಅಡ್ವೈಸರ್ ‘ಬ್ರೇಕ್ ಚೆಕ್’ ಎಂದು ಬರೆಯುತ್ತಾನೆ. ಮೆಕ್ಯಾನಿಕ್ ಪ್ಯಾಡ್ ಬಿಚ್ಚಿ, ತೊಳೆದು, ಹಾಕಿ ಕಳಿಸುತ್ತಾನೆ. ಮರುದಿನ ಬೆಳಿಗ್ಗೆ ಗಾಡಿ ಮತ್ತೆ ಎಡಕ್ಕೆ ಎಳೆಯುತ್ತದೆ. ಗಿರಾಕಿಯ ಮಾತನ್ನು ಅವನ ಮಾತಿನಲ್ಲೇ, ಯಾವಾಗ, ಎಲ್ಲಿ, ಎಷ್ಟು ಸಲ ಎಂಬುದರ ಸಮೇತ ಬರೆಯುವ ಅಭ್ಯಾಸವನ್ನು ನೀವು ಕಲಿಯುವಾಗಲೇ ಬೆಳೆಸಿಕೊಳ್ಳಿ. 50 ಹಳೆಯ ಜಾಬ್ ಕಾರ್ಡ್‌ಗಳನ್ನು ಓದಿ, ಎಷ್ಟರಲ್ಲಿ ಈ ವಿವರ ಇದೆ ಎಂದು ಎಣಿಸಿ. ಒಳ್ಳೆಯ ಪ್ರಾಜೆಕ್ಟ್ ಅಲ್ಲೇ ಸಿಗುತ್ತದೆ.

ತಯಾರಿಕೆಯ ಕಡೆ ಹೋಗುವವರು ಟೊಯೊಟಾದ ತೈಚಿ ಓನೊ ರೂಪಿಸಿದ ಪದ್ಧತಿಯನ್ನು ಓದಲೇಬೇಕು. ಅತಿ ಉತ್ಪಾದನೆ, ಕಾಯುವಿಕೆ, ಅನಗತ್ಯ ಸಾಗಣೆ, ಅತಿ ಸಂಸ್ಕರಣೆ, ಹೆಚ್ಚುವರಿ ದಾಸ್ತಾನು, ಅನಗತ್ಯ ಓಡಾಟ, ದೋಷ ಎಂಬ ಏಳು ವ್ಯರ್ಥಗಳನ್ನು ಅವರು ಪಟ್ಟಿ ಮಾಡಿದರು. ಪರೀಕ್ಷೆಗೆ ಬಾಯಿಪಾಠ ಮಾಡುವ ಬದಲು ಒಂದು ಗ್ಯಾರೇಜಿನಲ್ಲಿ ಒಂದು ದಿನ ನಿಂತು, ಮೆಕ್ಯಾನಿಕ್ ಒಂದು ಬ್ರೇಕ್ ಕೆಲಸಕ್ಕೆ ಸ್ಟೋರಿಗೆ ಎಷ್ಟು ಸಲ ನಡೆದ ಎಂದು ಎಣಿಸಿದರೆ ಏಳರಲ್ಲಿ ನಾಲ್ಕು ಅಲ್ಲೇ ಕಾಣುತ್ತವೆ.

ಬಿಡಿಭಾಗದ ದಾಸ್ತಾನು: ಮಳೆಗೆ ಬೇರೆ, ಬೇಸಿಗೆಗೆ ಬೇರೆ

ಯಾವ ಭಾಗವನ್ನು ಎಷ್ಟು ಉಳಿದಾಗ ಮತ್ತೆ ತರಿಸಬೇಕು? ಸೂತ್ರ ಸರಳ: ದಿನಕ್ಕೆ ಸರಾಸರಿ ಎಷ್ಟು ಭಾಗ ಹೋಗುತ್ತದೋ ಅದನ್ನು ಸರಕು ಬರಲು ಬೇಕಾಗುವ ದಿನಗಳಿಂದ ಗುಣಿಸಿ, ಅದಕ್ಕೆ ಆಪತ್ಕಾಲದ ದಾಸ್ತಾನು ಸೇರಿಸಿ.

ಬೇಸಿಗೆಯಲ್ಲಿ ಒಂದು ಪಿಕಪ್ಪಿನ ಮುಂದಿನ ಬ್ರೇಕ್ ಪ್ಯಾಡ್ ದಿನಕ್ಕೆ 1 ಸೆಟ್ ಹೋಗುತ್ತದೆ, ಬರಲು 3 ದಿನ, ಆಪತ್ತಿಗೆ 2 ಎಂದರೆ 5 ಸೆಟ್ ಉಳಿದಾಗ ಆರ್ಡರ್ ಹಾಕಬೇಕು. ಮಳೆಗಾಲದಲ್ಲಿ ದಿನಕ್ಕೆ 1.5 ಸೆಟ್, ಬರಲು 6 ದಿನ, ಆಪತ್ತಿಗೆ 6: ಒಟ್ಟು 15. ಅಂದರೆ ಮೂರು ಪಟ್ಟು. ವರ್ಷವಿಡೀ 5 ಇಟ್ಟರೆ ಜುಲೈಯಲ್ಲಿ ಗಾಡಿಗಳು ಬೇಯಲ್ಲಿ ಕೊಳೆಯುತ್ತವೆ. ವರ್ಷವಿಡೀ 15 ಇಟ್ಟರೆ ಬೇಸಿಗೆಯಲ್ಲಿ ದುಡ್ಡು ಕಪಾಟಿನಲ್ಲಿ ಮಲಗುತ್ತದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿಹೋಗಿ, ಮಂಗಳೂರು ಕಡೆಯ ಸಂಪರ್ಕ ಕಡಿದುಹೋಯಿತು. ಸರಕು ಯಾವ ದಾರಿಯಿಂದ ಬರುತ್ತದೆ, ಆ ದಾರಿ ಮುಚ್ಚಿದರೆ ಮತ್ತೊಂದು ಯಾವುದು ಎಂಬುದನ್ನು ಕೊಡಗಿನ ಪಾರ್ಟ್ಸ್ ಮ್ಯಾನೇಜರ್ ಮೇ ತಿಂಗಳಲ್ಲೇ ಬರೆದಿಟ್ಟುಕೊಂಡಿರಬೇಕು.

ಕಪಾಟಿನ ಸರಕನ್ನು ವೇಗವಾಗಿ ಹೋಗುವುದು, ನಿಧಾನ ಹೋಗುವುದು, ಅಲುಗದೇ ಇರುವುದು ಎಂದು ಮೂರು ಗುಂಪು ಮಾಡಿ. ವರ್ಷದಿಂದ ಒಂದೂ ಮಾರದ ಭಾಗ ಸತ್ತ ಹಣ. ಕಂಪನಿಗೆ ಮರಳಿಸಲು ಅವಧಿ ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಬೇರೆ ಡೀಲರ್‌ಗೆ ದಾಟಿಸಿ.

ಕೊಡಗಿನ ಪಂಚಾಂಗ, ವ್ಯಾಪಾರದ ಪಂಚಾಂಗ

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕೊಯ್ಲಿಗೆ ಮೊದಲು ಪಿಕಪ್, ಟ್ರ್ಯಾಕ್ಟರ್‌ಗಳ ಸರ್ವಿಸ್. ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ಹೊಸ ಗಾಡಿಯ ಮಾತು. ಆಯುಧಪೂಜೆಗೆ ಡೆಲಿವರಿಯ ನೂಕುನುಗ್ಗಲು. ಆಷಾಢ, ಕಕ್ಕಡದಲ್ಲಿ ಮಾರಾಟ ತಣ್ಣಗೆ, ವರ್ಕ್‌ಶಾಪ್ ಬಿಸಿ. ಬೇರೆ ಊರಿನ ಕೇಂದ್ರ ಕಚೇರಿ ಹನ್ನೆರಡು ತಿಂಗಳಿಗೂ ಒಂದೇ ಟಾರ್ಗೆಟ್ ಕಳಿಸಿದರೆ, ಐದು ವರ್ಷದ ಅಂಕಿ ಮುಂದಿಟ್ಟು ಬದಲಿಸಿಕೊಳ್ಳಲು ಬಲ್ಲವನೇ ಇಲ್ಲಿಯ ಮ್ಯಾನೇಜರ್.

ಕಾನೂನು ಬದಲಾದ ದಿನ ಏನಾಗುತ್ತದೆ

2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್3 ಗಾಡಿ ಮಾರುವಂತಿಲ್ಲ ಎಂದಿತು. ಉಳಿದದ್ದು ಎರಡೇ ದಿನ. ದ್ವಿಚಕ್ರ ಡೀಲರ್‌ಗಳು ಸಾವಿರಾರು ರೂಪಾಯಿ ರಿಯಾಯಿತಿ ಕೊಟ್ಟು ಖಾಲಿ ಮಾಡಿದರು. 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂತು, ಅದರ ಹಿಂದಿನ ವಾರವೇ ಲಾಕ್‌ಡೌನ್ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೂ 350 ಸಿಸಿವರೆಗಿನ ಬೈಕುಗಳಿಗೂ ಜಿಎಸ್‌ಟಿ ಶೇ. 18ಕ್ಕೆ, ಟ್ರ್ಯಾಕ್ಟರಿಗೆ ಶೇ. 5ಕ್ಕೆ ಇಳಿಯಿತು, ದೊಡ್ಡ ಕಾರುಗಳಿಗೆ ಶೇ. 40 ಆಯಿತು. ಘೋಷಣೆಗೂ ಜಾರಿಗೂ ನಡುವಿನ ವಾರಗಳಲ್ಲಿ ಗಿರಾಕಿ ಕಾದು ಕೂತ. ಹಳೆಯ ದಾಸ್ತಾನಿನ ಮೇಲೆ ಕಟ್ಟಿದ್ದ ಸೆಸ್ಸಿನ ಕ್ರೆಡಿಟ್ (ಮುಂದೆ ಕಟ್ಟುವ ಸೆಸ್ಸಿನಲ್ಲಿ ಕಳೆದುಕೊಳ್ಳಬಹುದಾದ ಮೊತ್ತ) ಏನಾಗುತ್ತದೆಂಬುದು ಡೀಲರ್‌ಗಳ ಚಿಂತೆಯಾಯಿತು. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಷೋರೂಮಿಗೆ ಹಾಕಿದ ಬಂಡವಾಳ ಒಂದೇ ಕಂಪನಿಯ ಮೇಲೆ ನಿಂತಿರುವಾಗ ಏನಾಗುತ್ತದೆ ಎಂಬುದಕ್ಕೆ ಇವು ಓದಲೇಬೇಕಾದ ಪ್ರಕರಣಗಳು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಆ ದಿನ ಯಾರ್ಡಿನಲ್ಲಿ 40 ಗಾಡಿ ಇದ್ದರೆ ನಾನೇನು ಮಾಡುತ್ತಿದ್ದೆ?

ಸೆಕೆಂಡ್ ಹ್ಯಾಂಡ್ ವ್ಯಾಪಾರಕ್ಕೆ ಇಳಿಯುವವರು ಕಾಗದಗಳನ್ನು ಕೈಬೆರಳಲ್ಲಿ ಎಣಿಸುವಷ್ಟು ಬಲ್ಲವರಾಗಬೇಕು: ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದಕ್ಕೆ 35, ಕೇರಳಕ್ಕೆ ಹೋಗುವ ಗಾಡಿಗೆ ನಿರಾಕ್ಷೇಪಣೆಯ 28. ಸಾಲದ ನಮೂದು ತೆಗೆಸದೆ ಮುಂಗಡ ಕೊಟ್ಟು ಸಿಕ್ಕಿಬೀಳುವುದು ಇಲ್ಲಿಯ ಸಾಮಾನ್ಯ ಪೆಟ್ಟು.

ಪ್ರಾಜೆಕ್ಟ್ ಮತ್ತು ಕೆಲಸದ ಕಲಿಕೆ

ಕೇಂದ್ರ ಸರ್ಕಾರದ ವಾಹನ್ ಡ್ಯಾಶ್‌ಬೋರ್ಡಿನಲ್ಲಿ ಕರ್ನಾಟಕ, ಆಮೇಲೆ ಮಡಿಕೇರಿ ಆರ್‌ಟಿಒ ಅಂದರೆ ಕೆಎ-12 ಆರಿಸಿ. ತಿಂಗಳವಾರು, ಕಂಪನಿವಾರು, ಇಂಧನವಾರು ನೋಂದಣಿ ಅಂಕಿ ಉಚಿತವಾಗಿ ಸಿಗುತ್ತದೆ. ಐದು ವರ್ಷದ್ದನ್ನು ಎಕ್ಸೆಲ್‌ಗೆ ಇಳಿಸಿ, ಪಕ್ಕದಲ್ಲಿ ಕಾಫಿ ಕೊಯ್ಲಿನ ತಿಂಗಳು, ಆಷಾಢ, ದಸರಾ ಗುರುತಿಸಿ. ಒಂದು ಎಚ್ಚರ: ಇದು ಎಲ್ಲಿ ನೋಂದಣಿಯಾಯಿತು ಎಂಬ ಲೆಕ್ಕ. ಮೈಸೂರಿನ ಷೋರೂಮಿನಲ್ಲಿ ಕೊಂಡು ಇಲ್ಲಿ ನೋಂದಾಯಿಸಿದ ಗಾಡಿಯೂ ಇದರಲ್ಲಿ ಇರುತ್ತದೆ. ಹಾಗಾಗಿ ಸ್ಥಳೀಯ ಷೋರೂಮಿನ ಮಾರಾಟದ ಅಂಕಿಯನ್ನು ಪಕ್ಕದಲ್ಲಿಟ್ಟು ವ್ಯತ್ಯಾಸ ನೋಡಿ. ಎಷ್ಟು ಗಿರಾಕಿಗಳು ಘಟ್ಟ ಇಳಿದು ಹೋಗಿ ಕೊಳ್ಳುತ್ತಿದ್ದಾರೆ, ಯಾಕೆ ಎಂಬುದೇ ಪ್ರಾಜೆಕ್ಟಿನ ಪ್ರಶ್ನೆಯಾಗಬಹುದು.

ಡಿಪ್ಲೊಮಾ ಅಥವಾ ಪದವಿ ಮುಗಿದವರು ಅಪ್ರೆಂಟಿಸ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಒಂದು ವರ್ಷ ಸ್ಟೈಪೆಂಡಿನೊಂದಿಗೆ ಕಲಿಯಬಹುದು. ಡೀಲರ್‌ಶಿಪ್ಪಿಗೆ ಇಂಟರ್ನ್‌ಶಿಪ್ ಕೇಳಲು ಹೋಗುವಾಗ ‘ಏನಾದರೂ ಕೆಲಸ ಕೊಡಿ ಸಾರ್’ ಎನ್ನಬೇಡಿ. ‘ನಿಮ್ಮ 60 ದಿನ ದಾಟಿದ ದಾಸ್ತಾನಿನ ಬಡ್ಡಿ ಲೆಕ್ಕ ಮಾಡಿಕೊಡುತ್ತೇನೆ, ಎಂಟು ವಾರ ಕೂರಲು ಬಿಡಿ’ ಎಂದು ಕೇಳಿ. ಜೂನ್–ಜುಲೈಯಲ್ಲಿ ಹೋದರೆ ಸರ್ವಿಸ್ ವಿಭಾಗ ಚೆನ್ನಾಗಿ ಕಾಣುತ್ತದೆ. ದಸರಾ ವಾರದಲ್ಲಿ ಹೋದರೆ ಯಾರಿಗೂ ನಿಮ್ಮೊಡನೆ ಮಾತಾಡಲು ಪುರುಸೊತ್ತಿರುವುದಿಲ್ಲ.

ಎಂಟು ವಾರವನ್ನು ಹೀಗೆ ಹಂಚಿ: ಮೊದಲ ಎರಡು ವಾರ ಜಾಬ್ ಕಾರ್ಡ್ ಕೌಂಟರ್, ಮುಂದಿನ ಎರಡು ಬಿಡಿಭಾಗದ ಸ್ಟೋರ್, ಒಂದು ವಾರ ವಾರಂಟಿ ಮತ್ತು ವಿಮೆ ಕ್ಲೇಮ್, ಒಂದು ವಾರ ಅಕೌಂಟ್ಸ್, ಕೊನೆಯ ಎರಡು ಷೋರೂಂ. ಸಂಜೆ ಹೊರಡುವ ಮೊದಲು ಆ ದಿನ ಕಂಡ ಒಂದು ಅಂಕಿ, ಅದರ ಕಾರಣ, ಅದನ್ನು ಹೇಳಿದವರ ಹುದ್ದೆ ಇಷ್ಟನ್ನೂ ಬರೆಯಿರಿ. ವರದಿ ಒಪ್ಪಿಸುವ ಮುನ್ನ ಗಿರಾಕಿಗಳ ಹೆಸರು, ಫೋನ್ ನಂಬರ್, ಗಾಡಿ ನಂಬರ್ ಎಲ್ಲ ಅಳಿಸಿ, ಡೀಲರ್‌ಗೆ ಒಮ್ಮೆ ತೋರಿಸಿ ಒಪ್ಪಿಗೆಯ ಸಹಿ ಪಡೆಯಿರಿ. ಒಂದು ಪ್ರತಿಯನ್ನು ಅವರಿಗೂ ಕೊಡಿ.